ಜೋಳದ ರೊಟ್ಟಿಯ ಜೊತೆಗೇ ಮೆಡಿಟರೇನಿಯನ್ ಊಟ: ನಮ್ಮ ಕಡೆಯ ಅಡುಗೆಮನೆಗೆ ಒಂದು ಮಾರ್ಗದರ್ಶಿ

ನಮ್ಮ ಅಪ್ಪ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಧಾರವಾಡದ ಮನೆಗೆ ಬಂದ ದಿನ, ಮಾತ್ರೆಗಳ ಚೀಟಿಯ ಜೊತೆಗೆ ಊಟದ್ದೊಂದು ಅಚ್ಚಾದ ಹಾಳೆಯೂ ಬಂದಿತ್ತು. ‘ಮೆಡಿಟರೇನಿಯನ್ ಡಯಟ್’ ಎಂಬ ತಲೆಬರಹದ ಕೆಳಗೆ ಆಲಿವ್ ಎಣ್ಣೆ, ಸಾಲ್ಮನ್ ಮೀನು, ಅಕ್ರೋಟು, ಬ್ರೊಕೊಲಿ, ಕಂದು ಬ್ರೆಡ್ಡು. ಅಪ್ಪ ರೋಣದ ಕಡೆಯವರು, ಹುಟ್ಟು ಸಸ್ಯಾಹಾರಿ. ತಟ್ಟೆಯಲ್ಲಿ ಜೋಳದ ರೊಟ್ಟಿ ಇಲ್ಲದಿದ್ದರೆ ಅದನ್ನು ಊಟವೆಂದು ಲೆಕ್ಕಕ್ಕೆ ಹಿಡಿಯುವವರಲ್ಲ. ಹಾಳೆಯನ್ನು ಎರಡು ಸಲ ಓದಿ, ಮಡಚಿ, ಕನ್ನಡಕದ ಪೆಟ್ಟಿಗೆಯಲ್ಲಿಟ್ಟರು. ನಾನು ಹುಬ್ಬಳ್ಳಿಯಿಂದ ತಂದ ಆಲಿವ್ ಎಣ್ಣೆಯ ಬಾಟಲಿ ಮುಚ್ಚಳ ತೆಗೆಯದೆ ತಿಂಗಳುಗಟ್ಟಲೆ ಕಪಾಟಿನಲ್ಲಿ ಉಳಿಯಿತು. ಅವರು ಮೊದಲು ಉಣ್ಣುತ್ತಿದ್ದುದನ್ನೇ ಉಂಡರು, ಆದರೆ ಪ್ರತಿ ತುತ್ತಿಗೂ ಹೆದರಿಕೊಂಡು ಉಂಡರು.

ಆ ಹೆದರಿಕೆಯನ್ನು ನೋಡಲಾಗದೆ ನಾನು ಈ ಆಹಾರಕ್ರಮದ ಬಗ್ಗೆ ಓದತೊಡಗಿದೆ. ಅದರ ಎಲುಬುಗೂಡು ಇಷ್ಟು: ಹೊಟ್ಟು ತೆಗೆಯದ ಧಾನ್ಯ, ಕಾಳು ಬೇಳೆ, ಧಾರಾಳ ತರಕಾರಿ ಮತ್ತು ಸೊಪ್ಪು, ಹಣ್ಣು, ಎಣ್ಣೆಬೀಜಗಳು, ಆಲಿವ್ ಎಣ್ಣೆ, ಸ್ವಲ್ಪ ಮೊಸರು, ಮೀನು. ಮಾಂಸ ಮತ್ತು ಸಿಹಿ ಅಪರೂಪಕ್ಕೆ. ಓದುತ್ತ ಓದುತ್ತ ನನ್ನ ಕಣ್ಣಿಗೆ ಕಟ್ಟಿದ್ದು ಶೀಗಿ ಹುಣ್ಣಿಮೆಗೆ ಚರಗ ಚೆಲ್ಲಲು ಹೊಲಕ್ಕೆ ಒಯ್ಯುವ ಬುತ್ತಿ. ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಬದನೆಕಾಯಿ ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಅಗಸಿ ಹಿಂಡಿ (ಹಿಂಡಿ ಎಂದರೆ ನಮ್ಮ ಕಡೆ ಚಟ್ನಿಪುಡಿ), ಗಟ್ಟಿ ಮೊಸರು. ದೂರದ ಸಮುದ್ರದ ದಂಡೆಯ ಊಟಕ್ಕೂ ನಮ್ಮ ಎರೆಹೊಲದ ಊಟಕ್ಕೂ ಇಷ್ಟು ಹತ್ತಿರದ ನೆಂಟಸ್ತಿಕೆ ಇರುವಾಗ, ರೋಗಿಯ ಕೈಗೆ ಬ್ರೊಕೊಲಿ ಎಂದು ಬರೆದ ಹಾಳೆ ಕೊಟ್ಟು ಕಳಿಸುವುದು ನನಗೆ ಸರಿ ಕಾಣಲಿಲ್ಲ. ಅಂಥದೇ ಹಾಳೆ ಹಿಡಿದು ಕುಳಿತಿರುವ ಮನೆಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಇದರಿಂದ ಏನಾಗುತ್ತದೆ, ಏನಾಗುವುದಿಲ್ಲ

ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ 1958ರಲ್ಲಿ ಏಳು ದೇಶಗಳ ಅಧ್ಯಯನವನ್ನು ಆರಂಭಿಸಿದರು. 40ರಿಂದ 59 ವಯಸ್ಸಿನ ಹನ್ನೆರಡು ಸಾವಿರಕ್ಕೂ ಹೆಚ್ಚು ಗಂಡಸರನ್ನು ವರ್ಷಗಟ್ಟಲೆ ಗಮನಿಸಿದಾಗ, ಗ್ರೀಸ್ ದೇಶದ ಕ್ರೀಟ್ ದ್ವೀಪದವರಲ್ಲಿ ಹೃದಯಾಘಾತದ ಸಾವು ತೀರ ಕಡಿಮೆ ಇದ್ದದ್ದು ಕಂಡಿತು. ಅವರು ಸಿರಿವಂತರಲ್ಲ. ಹೊಲದಲ್ಲಿ ದುಡಿದು ರೊಟ್ಟಿ, ಕಾಳು, ಕಾಡುಸೊಪ್ಪು, ಆಲಿವ್ ಎಣ್ಣೆ ಉಣ್ಣುತ್ತಿದ್ದ ರೈತರು. ಆದರೆ ಇದು ಗಮನಿಕೆ ಮಾತ್ರ. ಊಟದಿಂದಲೇ ಹಾಗಾಯಿತೋ ದುಡಿಮೆಯಿಂದಲೋ ಎಂದು ಇದರಿಂದ ಹೇಳಲಾಗದು.

ಗಟ್ಟಿ ಪುರಾವೆ ಬಂದದ್ದು ಸ್ಪೇನಿನ ಪ್ರೆಡಿಮೆಡ್ ಪ್ರಯೋಗದಿಂದ. ಹೃದ್ರೋಗದ ಅಪಾಯವಿದ್ದರೂ ಇನ್ನೂ ಕಾಯಿಲೆ ಬಾರದ 7,447 ಜನರನ್ನು ಮೂರು ಗುಂಪು ಮಾಡಿ ಸುಮಾರು ಐದು ವರ್ಷ ಗಮನಿಸಿದರು. ಕಡಿಮೆ ಕೊಬ್ಬು ತಿನ್ನಿ ಎಂಬ ಸಲಹೆ ಪಡೆದ ಗುಂಪಿನಲ್ಲಿ ಸಾವಿರಕ್ಕೆ 44 ಜನರಿಗೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಅವುಗಳಿಂದ ಸಾವು ಸಂಭವಿಸಿತು. ಮೆಡಿಟರೇನಿಯನ್ ಊಟದ ಜೊತೆ ಆಲಿವ್ ಎಣ್ಣೆ ಪಡೆದವರಲ್ಲಿ ಇದು 38, ದಿನಕ್ಕೆ 30 ಗ್ರಾಂ ಬಾದಾಮಿ, ಅಕ್ರೋಟಿನಂಥ ಬೀಜ ಪಡೆದವರಲ್ಲಿ 34. 2013ರಲ್ಲಿ ಪ್ರಕಟವಾದ ಈ ವರದಿಯನ್ನು, ಜನರನ್ನು ಗುಂಪುಗಳಿಗೆ ಹಂಚುವಾಗ ಕೆಲವು ಕೇಂದ್ರಗಳಲ್ಲಿ ತಪ್ಪಾಗಿದ್ದರಿಂದ, ಹಿಂಪಡೆದು 2018ರಲ್ಲಿ ಮತ್ತೆ ಲೆಕ್ಕ ಹಾಕಿ ಪ್ರಕಟಿಸಿದರು. ಫಲಿತಾಂಶ ಹೆಚ್ಚುಕಡಿಮೆ ಅದೇ ಬಂತು. ಎದ್ದು ಕಂಡ ಲಾಭ ಪಾರ್ಶ್ವವಾಯುವಿನಲ್ಲಿ. ಒಟ್ಟು ಸಾವಿನ ಸಂಖ್ಯೆಯಲ್ಲಿ ಖಚಿತ ವ್ಯತ್ಯಾಸ ಕಾಣಲಿಲ್ಲ.

ನಮ್ಮ ಅಪ್ಪನಂತೆ ಈಗಾಗಲೇ ಹೃದಯದ ಪೆಟ್ಟು ತಿಂದವರಿಗೆ ಇನ್ನೆರಡು ಪ್ರಯೋಗಗಳು ಮುಖ್ಯ. ಸ್ಪೇನಿನ ಕಾರ್ಡೋಬಾದಲ್ಲಿ 1,002 ಹೃದ್ರೋಗಿಗಳ ಮೇಲೆ ಏಳು ವರ್ಷ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕಡಿಮೆ ಕೊಬ್ಬಿನ ಊಟಕ್ಕಿಂತ ಮೆಡಿಟರೇನಿಯನ್ ಊಟವೇ ಮರುಕಳಿಸುವ ಪೆಟ್ಟನ್ನು ಹೆಚ್ಚು ತಡೆಯಿತು. ಅದಕ್ಕೂ ಹಿಂದೆ, 1990ರ ದಶಕದಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ಒಮ್ಮೆ ಹೃದಯಾಘಾತವಾದ 605 ಜನರ ಮೇಲೆ ನಡೆದ ಪ್ರಯೋಗದಲ್ಲೂ ಇಂಥದೇ ಫಲಿತಾಂಶ ಬಂದಿತ್ತು. ಅಲ್ಲಿ ಬೆಣ್ಣೆಯ ಬದಲಿಗೆ ಕೊಟ್ಟ ಪದಾರ್ಥದಲ್ಲಿ ಧಾರಾಳವಾಗಿದ್ದದ್ದು ಆಲ್ಫಾ ಲಿನೋಲೆನಿಕ್ ಆಮ್ಲವೆಂಬ ಒಮೆಗಾ 3 ಕೊಬ್ಬು. ಅದು ನಮ್ಮ ಅಗಸಿಯಲ್ಲಿ ತುಂಬಿಕೊಂಡಿದೆ. ಇದನ್ನು ಓದಿದ ದಿನ ನಾನು ಅವ್ವನ ಹಿಂಡಿಯ ಡಬ್ಬಿಯನ್ನು ಬೇರೆಯೇ ಗೌರವದಿಂದ ನೋಡಿದೆ.

ಈ ಊಟ ಸಕ್ಕರೆ ಕಾಯಿಲೆಯ ಅಪಾಯವನ್ನೂ ತಗ್ಗಿಸುತ್ತದೆ. ಆದರೆ ತೂಕ ತಾನಾಗಿ ಇಳಿಯುವುದಿಲ್ಲ, ಎಣ್ಣೆ ಬೀಜಗಳು ಹೆಚ್ಚಾದರೆ ಏರಲೂಬಹುದು. ಮರೆವಿನ ಕಾಯಿಲೆಯನ್ನು ತಡೆಯುತ್ತದೆ ಎಂಬ ಮಾತನ್ನು ನಾನು ಇನ್ನೂ ಯಾರಿಗೂ ಹೇಳುವುದಿಲ್ಲ. ಇದಕ್ಕೆ ಹತ್ತಿರದ ಆಹಾರಕ್ರಮದ ಮೇಲೆ ಅಮೆರಿಕದಲ್ಲಿ ಮೂರು ವರ್ಷ ನಡೆದು 2023ರಲ್ಲಿ ಹೊರಬಂದ ಪ್ರಯೋಗದಲ್ಲಿ ಸ್ಪಷ್ಟ ಲಾಭ ಸಿಗಲಿಲ್ಲ. ಇನ್ನೂ ಒಂದು ಮಾತು: ಸ್ಪೇನಿನ ಅಂಕಿಗಳು ಸ್ಪೇನಿನ ಊಟದವು. ಅವನ್ನು ಹಾಗೆಯೇ ತಂದು ರೊಟ್ಟಿಗೆ ಅಂಟಿಸಲಾಗದು. ಆ ಊಟದ ಯಾವ ಯಾವ ಅಂಶ ಕೆಲಸ ಮಾಡುತ್ತದೆಯೋ ಅದೇ ಅಂಶಗಳನ್ನು ನಮ್ಮ ಸಂತೆಯಲ್ಲಿ ಹುಡುಕುವುದು ಇಲ್ಲಿನ ಪ್ರಯತ್ನ.

ಹೆಜ್ಜೆ 1: ಶುರು ಮಾಡುವ ಮುನ್ನ ಅಳೆಯಿರಿ

ರಕ್ತದೊತ್ತಡ, ಖಾಲಿ ಹೊಟ್ಟೆಯ ಸಕ್ಕರೆ, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ), ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸೊಂಟದ ಸುತ್ತಳತೆಯನ್ನೂ ಬರೆಯಿರಿ. ನಮ್ಮ ದೇಶದವರಿಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದರೆ ಎಚ್ಚರಿಕೆಯ ಗಂಟೆ.

ಮೂರು ಬಗೆಯವರು ವೈದ್ಯರನ್ನು ಕೇಳದೆ ಊಟ ಬದಲಿಸಬಾರದು. ರಕ್ತ ತೆಳುವಾಗಲು ವಾರ್ಫರಿನ್ ಅಥವಾ ಅಸಿಟ್ರೋಮ್ ತೆಗೆದುಕೊಳ್ಳುವವರು ಒಮ್ಮೆಗೇ ಸೊಪ್ಪು ಹೆಚ್ಚಿಸಿದರೆ ಅದರಲ್ಲಿನ ಕೆ ಜೀವಸತ್ವದಿಂದ ಮಾತ್ರೆಯ ಪರಿಣಾಮ ಕುಗ್ಗುತ್ತದೆ. ಮೂತ್ರಪಿಂಡದ ತೊಂದರೆ ಇರುವವರಿಗೆ ಕಾಳು, ಸೊಪ್ಪು, ಹಣ್ಣಿನ ಪೊಟ್ಯಾಸಿಯಂ ಭಾರವಾಗಬಹುದು. ಇನ್ಸುಲಿನ್ ಅಥವಾ ಸಕ್ಕರೆಯ ಮಾತ್ರೆ ತೆಗೆದುಕೊಳ್ಳುವವರು ಅನ್ನ ಕಡಿಮೆ ಮಾಡಿದ ಕೂಡಲೇ ಸಕ್ಕರೆ ತೀರ ಕೆಳಗಿಳಿಯುವ ಸಾಧ್ಯತೆ ಇದೆ. ಊಟ ಸುಧಾರಿಸಿತೆಂದು ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯನ್ನೋ ಬಿಪಿ ಮಾತ್ರೆಯನ್ನೋ ನೀವಾಗಿಯೇ ನಿಲ್ಲಿಸಬೇಡಿ. ಮೇಲೆ ಹೇಳಿದ ಪ್ರಯೋಗಗಳಲ್ಲಿದ್ದ ಬಹಳಷ್ಟು ಜನರೂ ಮಾತ್ರೆ ನುಂಗುತ್ತಲೇ ಉಂಡವರು.

ಹೆಜ್ಜೆ 2: ಎಣ್ಣೆಯ ಡಬ್ಬಿಯ ಮೇಲೆ ತಾರೀಖು ಬರೆಯಿರಿ

ಇದು ಎಲ್ಲಕ್ಕಿಂತ ದೊಡ್ಡ ಹೆಜ್ಜೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹೊಸ ಡಬ್ಬಿ ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ. ನಾಲ್ಕು ಜನರ ಮನೆಗೆ ತಿಂಗಳಿಗೆ ಎರಡೂವರೆಯಿಂದ ಮೂರು ಲೀಟರ್ ಸಾಕು. ಅಂದರೆ ಒಬ್ಬರಿಗೆ ದಿನಕ್ಕೆ ಹೆಚ್ಚೆಂದರೆ ಐದು ಚಹಾ ಚಮಚ. ನಮ್ಮ ಮನೆಯಲ್ಲಿ ಮೊದಲ ಸಲ ಲೆಕ್ಕ ಹಾಕಿದಾಗ ಇದರ ಹತ್ತಿರ ಹತ್ತಿರ ಇಮ್ಮಡಿ ಬಂತು. ಎಣ್ಣೆಗಾಯಿಯ ಮೇಲೆ ತೇಲುವ ಎಣ್ಣೆಯೇ ಅಡುಗೆಯ ಮರ್ಯಾದೆ ಎಂದು ನಂಬಿದ ಮನೆ ನಮ್ಮದು.

ಯಾವ ಎಣ್ಣೆ? ಆಲಿವ್ ಎಣ್ಣೆಯಲ್ಲಿ ಮುಕ್ಕಾಲು ಪಾಲಿನಷ್ಟು ಇರುವುದು ಒಲಿಯಿಕ್ ಆಮ್ಲವೆಂಬ ಕೊಬ್ಬು. ಬೆಣ್ಣೆ, ತುಪ್ಪ, ವನಸ್ಪತಿ, ತಾಳೆ ಎಣ್ಣೆಯ ಗಟ್ಟಿ ಕೊಬ್ಬಿನ ಜಾಗಕ್ಕೆ ಇದು ಬಂದಾಗ ಕೆಟ್ಟ ಕೊಲೆಸ್ಟರಾಲ್ ಇಳಿಯುತ್ತದೆ. ನಮ್ಮ ಶೇಂಗಾ ಎಣ್ಣೆಯಲ್ಲಿ ಅದೇ ಒಲಿಯಿಕ್ ಆಮ್ಲ ಅರ್ಧದಷ್ಟಿದೆ. ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆಯಲ್ಲಿ ಸಿಗುವ, ಸಸ್ಯಜನ್ಯ ರಕ್ಷಕಗಳಾದ ಪಾಲಿಫಿನಾಲ್‌ಗಳು ಇದರಲ್ಲಿಲ್ಲ, ಆದರೂ ದಿನದ ಅಡುಗೆಗೆ ಒಳ್ಳೆಯ ಆಯ್ಕೆ. ಕುಸುಬಿ ಎಣ್ಣೆಯ ಬಗ್ಗೆ ನಮ್ಮ ಕಡೆ ಬಹಳ ಅಭಿಮಾನವಿದೆ, ನನಗೂ ಇದೆ. ಆದರೆ ಸಾಂಪ್ರದಾಯಿಕ ತಳಿಗಳ ಕುಸುಬಿ ಎಣ್ಣೆ ಆಲಿವ್‌ಗೆ ಸಮ ಎಂಬ ಮಾತು ತಪ್ಪು. ಅದರಲ್ಲಿ ಮುಕ್ಕಾಲು ಪಾಲು ಒಮೆಗಾ 6 ಜಾತಿಯ ಲಿನೋಲಿಯಿಕ್ ಆಮ್ಲ. ಅದು ಕೆಟ್ಟದ್ದಲ್ಲ, ಕೊಲೆಸ್ಟರಾಲನ್ನು ಅದೂ ಇಳಿಸುತ್ತದೆ. ಆದರೆ ಬಿಸಿಗೆ ಬೇಗ ಕೆಡುತ್ತದೆ. ಹೆಚ್ಚು ಒಲಿಯಿಕ್ ಇರುವ ಕುಸುಬಿ ತಳಿಗಳೂ ಇವೆ. ಡಬ್ಬಿಯ ಮೇಲೆ ‘ಹೈ ಒಲಿಯಿಕ್’ ಎಂದಿದ್ದರೆ ಧಾರಾಳವಾಗಿ ಕೊಳ್ಳಿ.

ನಾನು ಮಾಡುವುದು ಹೀಗೆ. ಒಗ್ಗರಣೆಗೆ ಮತ್ತು ಪಲ್ಯಕ್ಕೆ ಶೇಂಗಾ ಎಣ್ಣೆ, ಚಮಚದಲ್ಲಿ ಅಳೆದು. ಹಿಂಡಿಯ ಮೇಲೆ ಹಸಿ ಎಣ್ಣೆ ಬಿಟ್ಟುಕೊಳ್ಳುವ ನಮ್ಮ ರೂಢಿಗೆ ಗಾಣದ ಕುಸುಬಿ ಎಣ್ಣೆ ಒಂದೇ ಚಮಚ. ಕಪಾಟಿನಲ್ಲಿದ್ದ ಆಲಿವ್ ಎಣ್ಣೆಯೂ ಕೊನೆಗೆ ಅಲ್ಲಿಯೇ ಕೆಲಸಕ್ಕೆ ಬಂತು: ಬೇಯಿಸದೆ, ಪಚಡಿಯ ಮೇಲೆ. ಕೈಗೆಟುಕುವವರು ಹಾಗೆ ಬಳಸಲಿ. ಸಾಲದ ಕಂತು ಕಟ್ಟುತ್ತಿರುವ ಮನೆಯವರು ಅದಕ್ಕಾಗಿ ದುಡ್ಡು ಸುರಿಯಬೇಕಾಗಿಲ್ಲ. ಕರಿದು ಉಳಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದನ್ನಂತೂ ಈ ವಾರವೇ ನಿಲ್ಲಿಸಿ.

ಹೆಜ್ಜೆ 3: ರೊಟ್ಟಿ ಇರಲಿ, ಅನ್ನದ ಗುಡ್ಡೆ ಕರಗಲಿ

ನೂರು ಗ್ರಾಂ ಜೋಳದಲ್ಲಿ ನಾರಿನಂಶ ಸುಮಾರು 10 ಗ್ರಾಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ಹಿಟ್ಟನ್ನು ಜರಡಿ ಹಿಡಿದು ತವುಡು ಚೆಲ್ಲಬೇಡಿ. ಎರಡು ರೊಟ್ಟಿ ಉಂಡ ಮೇಲೆ ‘ಸ್ವಲ್ಪ ಅನ್ನ’ ಎಂದು ಬಡಿಸಿಕೊಳ್ಳುವುದು ಎರಡು ಸೌಟು ದಾಟುತ್ತದೆ. ಅದನ್ನು ಒಂದು ಸಣ್ಣ ವಾಟಿಗೆ ಇಳಿಸಿ, ಅಥವಾ ವಾರದಲ್ಲಿ ನಾಲ್ಕು ದಿನ ಅದರ ಬದಲು ಜೋಳದ ನುಚ್ಚು ಮಜ್ಜಿಗೆ ಉಣ್ಣಿ. ನವಣೆ, ಸಾವೆಯೂ ಆಗುತ್ತದೆ. ಚಪಾತಿ ಬೇಕೇ ಬೇಕೆನ್ನುವವರು ಜವೆ ಗೋಧಿಯನ್ನು ಹುಡುಕಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಈ ಗೋಧಿಯ ತಳಿಗಳನ್ನು ಬೆಳೆಸಿ ಕೊಟ್ಟಿದೆ.

ರೊಟ್ಟಿಯೂ ಪಿಷ್ಟವೇ ಎಂಬುದನ್ನು ಸಕ್ಕರೆ ಕಾಯಿಲೆಯವರು ಮರೆಯಬಾರದು. ಜೋಳವೆಂದು ಐದು ರೊಟ್ಟಿ ಉಂಡರೆ ಲೆಕ್ಕ ತಪ್ಪುತ್ತದೆ. ಎರಡು ತೆಳು ರೊಟ್ಟಿ, ಅದಕ್ಕೆ ಇಮ್ಮಡಿ ಪಲ್ಯ.

ಹೆಜ್ಜೆ 4: ಕಾಳನ್ನು ಪಕ್ಕದಿಂದ ನಡುವಿಗೆ ತನ್ನಿ

ಹೆಸರು, ಮಡಕಿ, ಅಲಸಂದಿ, ಹುರುಳಿ, ಕಡಲೆ. ಗದಗಿನ ಎರೆನೆಲದಲ್ಲಿ ಹೆಸರು, ಕಡಲೆ ರಾಶಿ ರಾಶಿ ಬೆಳೆಯುತ್ತವೆ. ಆದರೆ ತಟ್ಟೆಯಲ್ಲಿ ಮಾತ್ರ ಕಾಳುಪಲ್ಯ ನಂಚಿಕೊಳ್ಳುವಷ್ಟಕ್ಕೆ ಇಳಿದಿದೆ. ದಿನಕ್ಕೊಂದು ದೊಡ್ಡ ವಾಟಿ ಬೇಯಿಸಿದ ಕಾಳು ಒಬ್ಬೊಬ್ಬರಿಗೂ ಸಿಗಬೇಕು. ಕಾಳಿನ ನಾರು ಕರುಳಿನಲ್ಲಿ ಪಿತ್ತರಸವನ್ನು ಹಿಡಿದುಕೊಂಡು ಹೊರಹಾಕುತ್ತದೆ, ಅದನ್ನು ಮತ್ತೆ ತಯಾರಿಸಲು ಯಕೃತ್ತು ರಕ್ತದ ಕೊಲೆಸ್ಟರಾಲನ್ನು ಎಳೆದುಕೊಳ್ಳುತ್ತದೆ. ಸಕ್ಕರೆಯೂ ನಿಧಾನವಾಗಿ ರಕ್ತಕ್ಕಿಳಿಯುತ್ತದೆ.

ಶನಿವಾರ ರಾತ್ರಿ ಎರಡು ಬಗೆಯ ಕಾಳು ನೆನೆಹಾಕಿ, ಮರುದಿನ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ ಫ್ರಿಜ್ಜಿನಲ್ಲಿಟ್ಟರೆ ವಾರದ ಮೂರು ನಾಲ್ಕು ದಿನ ಸಾಗುತ್ತದೆ. ಹೊಟ್ಟೆ ಉಬ್ಬರಿಸುತ್ತದೆ ಎನ್ನುವವರು ಮೊದಲ ವಾರ ಅರ್ಧ ವಾಟಿಯಿಂದ ಶುರು ಮಾಡಲಿ, ನೆನೆಸಿದ ನೀರು ಚೆಲ್ಲಲಿ. ಕರುಳು ಎರಡು ಮೂರು ವಾರಗಳಲ್ಲಿ ಹೊಂದಿಕೊಳ್ಳುತ್ತದೆ.

ಪ್ರೆಡಿಮೆಡ್‌ನವರ ಪ್ರಶ್ನಾವಳಿಯಲ್ಲಿ ನನಗೆ ತುಂಬ ಇಷ್ಟವಾದ ಪ್ರಶ್ನೆಯೊಂದಿದೆ: ಟೊಮೆಟೊ, ಉಳ್ಳಾಗಡ್ಡಿ, ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ನಿಧಾನವಾಗಿ ಬೇಯಿಸಿದ ಗೊಜ್ಜನ್ನು ವಾರಕ್ಕೆ ಎಷ್ಟು ಸಲ ಉಣ್ಣುತ್ತೀರಿ? ಅವರು ಅದನ್ನು ಸೊಫ್ರಿಟೊ ಎನ್ನುತ್ತಾರೆ. ಕಾಳುಪಲ್ಯಕ್ಕೆ ನಾವು ಹಾಕುವ ತಳಹದಿಯೂ ಅದೇ ಅಲ್ಲವೇ?

ಹೆಜ್ಜೆ 5: ಹಸಿ ಸೊಪ್ಪು ಮತ್ತೆ ತಟ್ಟೆಗೆ ಬರಲಿ

ಹಕ್ಕರಕಿ, ಎಳೆ ಮೆಂತ್ಯೆ, ಮೂಲಂಗಿಯ ಎಲೆ, ಉಳ್ಳಾಗಡ್ಡಿ ತಪ್ಪಲು, ಸವತೆಕಾಯಿ, ಗಜ್ಜರಿ. ಇವನ್ನು ರೊಟ್ಟಿಯ ಜೊತೆ ಹಸಿಯಾಗಿ ಕಚ್ಚಿ ತಿನ್ನುವ ಅಭ್ಯಾಸ ನಾಡಿನ ಬೇರೆ ಭಾಗಗಳಲ್ಲಿ ಇಷ್ಟಿಲ್ಲ. ಇದು ನಮ್ಮ ಆಸ್ತಿ. ಕ್ರೀಟಿನ ರೈತರು ಹೊಲದಂಚಿನ ಕಾಡುಸೊಪ್ಪು ಕಿತ್ತು ತರುತ್ತಿದ್ದರೆ, ನಮ್ಮ ಅಜ್ಜಿಯಂದಿರು ಹಿಂಗಾರಿ ಹೊಲದಿಂದ ಉಡಿಯಲ್ಲಿ ಹಕ್ಕರಕಿ ತುಂಬಿಕೊಂಡು ಬರುತ್ತಿದ್ದರು. ಹುಬ್ಬಳ್ಳಿಯ ಜನತಾ ಬಜಾರಿನಲ್ಲೋ ಧಾರವಾಡದ ಸೂಪರ್ ಮಾರ್ಕೆಟ್ಟಿನಲ್ಲೋ ಸೊಪ್ಪಿನವರನ್ನು ಕೇಳಿ ನೋಡಿ, ಚಳಿಗಾಲದಲ್ಲಿ ಸಿಗುತ್ತದೆ. ಕೇಳುವವರಿದ್ದರೆ ತರುವವರೂ ಇರುತ್ತಾರೆ.

ಹಸಿಯಾಗಿ ತಿನ್ನುವಾಗ ಸೊಪ್ಪನ್ನು ಎರಡು ಮೂರು ನೀರಿನಲ್ಲಿ ತೊಳೆಯಿರಿ. ಪಚಡಿಗೆ ಉಪ್ಪಿನ ಬದಲು ಲಿಂಬೆರಸ, ಗುರೆಳ್ಳಿನ ಪುಡಿ. ಬೇಯಿಸುವ ಪಲ್ಯವೂ ಸೇರಿ ದಿನಕ್ಕೆ ಒಬ್ಬರಿಗೆ ಸುಮಾರು 400 ಗ್ರಾಂ ತರಕಾರಿ ಗುರಿಯಾಗಿರಲಿ. ಆಲೂಗಡ್ಡೆ ಇದರಲ್ಲಿ ಸೇರುವುದಿಲ್ಲ.

ಹೆಜ್ಜೆ 6: ಹಿಂಡಿಯನ್ನು ಹೊಸದಾಗಿ ಕುಟ್ಟಿ

ಅಗಸಿ ಇಡಿಯಾಗಿ ನುಂಗಿದರೆ ಬಹುಪಾಲು ಹಾಗೆಯೇ ಹೊರಹೋಗುತ್ತದೆ, ಪುಡಿ ಮಾಡಲೇಬೇಕು. ಪುಡಿಯಾದ ಮೇಲೆ ಅದರ ಎಣ್ಣೆ ಗಾಳಿಗೆ ಬೇಗ ಕಮಟಾಗುತ್ತದೆ. ಆದ್ದರಿಂದ ವಾರಕ್ಕಾಗುವಷ್ಟೇ ಮಾಡಿ. ಒಂದು ವಾಟಿ ಅಗಸಿಯನ್ನು ಸಣ್ಣ ಉರಿಯಲ್ಲಿ ಚಟಪಟ ಎನ್ನುವವರೆಗೆ ಹುರಿಯಿರಿ, ಕಪ್ಪಾಗಬಾರದು. ಆರು ಬ್ಯಾಡಗಿ ಮೆಣಸಿನಕಾಯಿ, ಹತ್ತು ಎಸಳು ಬೆಳ್ಳುಳ್ಳಿ, ಜೀರಿಗೆ, ಕರಿಬೇವು, ಚೂರು ಹುಣಸೆ, ಅರ್ಧ ಚಹಾ ಚಮಚ ಉಪ್ಪು ಸೇರಿಸಿ ತರಿತರಿಯಾಗಿ ಕುಟ್ಟಿ, ಗಾಜಿನ ಬಾಟಲಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ. ದಿನಕ್ಕೆ ಒಂದು ದೊಡ್ಡ ಚಮಚ ಮೊಸರಿನಲ್ಲಿ ಕಲಸಿ ಉಂಡರೆ ಸಸ್ಯಾಹಾರಿಯ ಒಮೆಗಾ 3 ಅಗತ್ಯ ತೀರುತ್ತದೆ. ಮೀನಿನ ಒಮೆಗಾ 3ಗೆ ಇದು ಪೂರ್ತಿ ಸಮವಲ್ಲ, ದೇಹ ಇದರ ಸಣ್ಣ ಪಾಲನ್ನು ಮಾತ್ರ ಆ ರೂಪಕ್ಕೆ ತಿರುಗಿಸುತ್ತದೆ.

ಶೇಂಗಾ ಒಂದು ಹಿಡಿ, ಅಂದರೆ 30 ಗ್ರಾಂ, ದಿನಕ್ಕೆ ಸಾಕು. ಸ್ಪೇನಿನವರ ಬೀಜಗಳ ಜಾಗಕ್ಕೆ ನಮ್ಮಲ್ಲಿ ಇದೇ ಬರಲಿ. ಮುಗ್ಗಿದ, ಕಪ್ಪಾದ, ಕಹಿಯಾದ ಕಾಳನ್ನು ಒಂದೊಂದಾಗಿ ಆರಿಸಿ ಎಸೆಯಿರಿ. ಅವುಗಳಲ್ಲಿ ಬೆಳೆಯುವ ಶಿಲೀಂಧ್ರದ ವಿಷ ಅಫ್ಲಟಾಕ್ಸಿನ್ ಯಕೃತ್ತಿಗೆ ಮಾರಕ, ಹುರಿದರೂ ಪೂರ್ತಿ ಹೋಗುವುದಿಲ್ಲ.

ನಮ್ಮ ಊಟದ ದೊಡ್ಡ ದೋಷ ಇರುವುದು ಇಲ್ಲಿಯೇ: ಉಪ್ಪು. ಹಿಂಡಿ, ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ ಎಲ್ಲ ಒಂದೇ ತಟ್ಟೆಯಲ್ಲಿ ಸೇರಿದರೆ, ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನದ 5 ಗ್ರಾಂ ಮಿತಿ ಮಧ್ಯಾಹ್ನದ ಊಟಕ್ಕೇ ಮುಗಿಯುತ್ತದೆ. ಹಿಂಡಿ ಇದ್ದ ದಿನ ಉಪ್ಪಿನಕಾಯಿ ಬೇಡ. ಅಪ್ಪನಿಗೆ ಇದು ಎಲ್ಲಕ್ಕಿಂತ ಕಷ್ಟವಾಯಿತು. ಎರಡು ವಾರ ಊಟ ಸಪ್ಪೆ ಎಂದರು, ಮೂರನೆಯ ವಾರದಿಂದ ಆ ಮಾತು ನಿಂತಿತು.

ಹೆಜ್ಜೆ 7: ಹಣ್ಣು, ಮೀನು, ಮದ್ಯ

ಪೇರಲ, ಪಪ್ಪಾಯಿ, ಬಾಳೆ, ನೇರಳೆ: ಆಯಾ ಕಾಲದ್ದು ದಿನಕ್ಕೆ ಎರಡು ಸಲ, ರಸ ಹಿಂಡದೆ. ಮೀನು ತಿನ್ನುವವರಿಗೆ ಕಾರವಾರದ ಕಡೆಯಿಂದ ಹುಬ್ಬಳ್ಳಿಗೆ ಬರುವ ಬಂಗಡೆ, ತಾರ್ಲೆ ಸಾಲ್ಮನ್‌ಗೆ ಏನೂ ಕಡಿಮೆಯಲ್ಲ. ವಾರಕ್ಕೆ ಎರಡು ಸಲ, ಕರಿಯದೆ ಸಾರು ಮಾಡಿ. ಮೆಡಿಟರೇನಿಯನ್ ಊಟದಲ್ಲಿ ವೈನ್ ಇದೆಯಲ್ಲ ಎಂದು ಕೇಳುವವರಿದ್ದಾರೆ. ಕುಡಿಯದವರು ಆರೋಗ್ಯಕ್ಕಾಗಿ ಶುರು ಮಾಡಬೇಡಿ. ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಹೆಜ್ಜೆ 8: ಸಂಜೆ ಐದರ ಹಸಿವು

ಬೆಳಗಿನಿಂದ ಸರಿಯಾಗಿ ಉಂಡವರೂ ಜಾರುವುದು ಈ ಹೊತ್ತಿಗೆ. ಗಿರಮಿಟ್ ಮತ್ತು ಮಿರ್ಚಿ, ಬೇಕರಿಯ ಖಾರಿ, ಸಂಜೆಯ ಚಹಾದ ಜೊತೆ ಬಿಸ್ಕತ್ತು. ವನಸ್ಪತಿಯಲ್ಲಿ ಹೃದಯಕ್ಕೆ ಕೆಡುಕಾದ ಟ್ರಾನ್ಸ್ ಕೊಬ್ಬಿನ ಮಿತಿಯನ್ನು 2022ರ ಜನವರಿಯಿಂದ ಶೇಕಡಾ 2ಕ್ಕೆ ಇಳಿಸಿದ್ದಾರೆ ನಿಜ, ಆದರೆ ಇಡೀ ದಿನ ಕುದಿಯುವ ಬಾಣಲೆಯ ಎಣ್ಣೆಯನ್ನು ಯಾರು ಅಳೆಯುತ್ತಾರೆ? ಗಿರಮಿಟ್ಟಿನ ಮೇಲೆ ನನಗೆ ಕೋಪವಿಲ್ಲ. ಚುರುಮುರಿಗೆ ಉಳ್ಳಾಗಡ್ಡಿ, ಟೊಮೆಟೊ, ಕೊತ್ತಂಬರಿ, ಪುಟಾಣಿ ಹಿಟ್ಟು ಬೆರೆತದ್ದು ಅದು. ಮನೆಯಲ್ಲಿ ಎರಡು ಚಮಚ ಎಣ್ಣೆಯಲ್ಲಿ ಮಾಡಿ, ಮೊಳಕೆ ಹೆಸರು ಸೇರಿಸಿ, ಪಕ್ಕದ ಮಿರ್ಚಿಯನ್ನು ಬಿಟ್ಟರೆ ತೊಂದರೆಯೇ ಇಲ್ಲ. ಪೇಡೆ, ಕರದಂಟು, ಹೋಳಿಗೆ ಹಬ್ಬದ ದಿನ ಹಬ್ಬದಂತೆಯೇ ಉಣ್ಣಿ. ಫ್ರಿಜ್ಜಿನಲ್ಲಿ ಡಬ್ಬಿ ತುಂಬಿಟ್ಟುಕೊಳ್ಳಬೇಡಿ.

ರಾತ್ರಿಯ ಊಟ ಎಂಟರೊಳಗೆ ಮುಗಿದರೆ ಒಳ್ಳೆಯದು. ಉಂಡ ಮೇಲೆ ಹದಿನೈದು ನಿಮಿಷ ಓಣಿಯಲ್ಲಿ, ಬೆಳಗ್ಗೆ ಅರ್ಧ ಗಂಟೆ ಕೆಲಗೇರಿ ಕೆರೆಯ ದಂಡೆಯಲ್ಲೋ ಉಣಕಲ್ ಕೆರೆಯ ಸುತ್ತಲೋ ನಡೆಯಿರಿ. ಕ್ರೀಟಿನವರ ಊಟ ಕೆಲಸ ಮಾಡಿದ್ದು ದುಡಿಯುವ ಮೈಯಲ್ಲಿ.

ಹೆಜ್ಜೆ 9: ಮೂರು ತಿಂಗಳಿಗೆ ಮತ್ತೆ ಪರೀಕ್ಷೆ

ಎಚ್‌ಬಿಎ1ಸಿ ತೋರಿಸುವುದು ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು, ಏಕೆಂದರೆ ಕೆಂಪು ರಕ್ತಕಣಗಳ ಆಯುಷ್ಯ ಸುಮಾರು 120 ದಿನ. ಆದ್ದರಿಂದ ಹದಿನೈದು ದಿನಕ್ಕೇ ಪರೀಕ್ಷೆಗೆ ಓಡಿ ನಿರಾಶರಾಗಬೇಡಿ. ಎಂಟೂ ಹೆಜ್ಜೆಗಳನ್ನು ಒಂದೇ ವಾರದಲ್ಲಿ ಇಡಲೂ ಬೇಡಿ. ನಾವು ಎಣ್ಣೆಯಿಂದ ಶುರು ಮಾಡಿ, ಹತ್ತು ಹದಿನೈದು ದಿನಕ್ಕೊಂದರಂತೆ ಮುಂದುವರಿದೆವು. ಮೂರು ತಿಂಗಳಾದ ಮೇಲೆ ಹಳೆಯ ವರದಿ, ಹೊಸ ವರದಿ, ಮಾತ್ರೆಗಳ ಚೀಟಿ, ಎಣ್ಣೆ ಮತ್ತು ಸೊಂಟದ ಅಳತೆ ಬರೆದ ನೋಟ್‌ಬುಕ್ಕು ಎಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ವೈದ್ಯರ ಬಳಿ ಹೋಗಿ. ದಿನವೂ ಏನು ಉಣ್ಣುತ್ತೀರಿ ಎಂದು ಅವರು ಕೇಳದಿದ್ದರೆ ನೀವೇ ಓದಿ ಹೇಳಿ: ಎರಡು ಜೋಳದ ರೊಟ್ಟಿ, ಒಂದು ವಾಟಿ ಮಡಕಿ ಕಾಳು, ಮೆಂತ್ಯೆ ಪಚಡಿ, ಅಗಸಿ ಹಿಂಡಿ ಒಂದು ಚಮಚ, ಮೊಸರು. ಮಾತ್ರೆಯ ಪ್ರಮಾಣ ಬದಲಿಸಬೇಕೋ ಬೇಡವೋ ಎಂಬ ತೀರ್ಮಾನಕ್ಕೆ ಅವರಿಗೆ ಈ ಪಟ್ಟಿ ಬೇಕಾಗುತ್ತದೆ.